ಜೋಡಿಯ ಹಾಜರಿ

ಕಡಲೇರಿಕೆಯ ತೊಂಬತ್ತೊಂದನೆಯ ವರ್ಷ, ಹದಿಮೂರನೆಯ ತಿಂಗಳು, ಮೂವತ್ತೆಂಟನೆಯ ದಿನ

ಹಿಂದಿನವರೇ,

‘ಹೆಸರು ಹಿಡಿದು ಕರೆದರೆ ಮಣ್ಣೂ ಓಗೊಡುತ್ತದೆ’ ಎಂಬ ಸಾಲನ್ನು ಎಲ್ಲೋ ಓದಿದ್ದೆ. ಮಣ್ಣೋ ಮರವೋ ಸರಿಯಾಗಿ ನೆನಪಿಲ್ಲ. ಬರೆದವರು ಒಮ್ಮೆಯಾದರೂ ಹಾಗೆ ಕರೆದು ನೋಡಿದ್ದರೇ ಎಂದು ನಿನ್ನೆಯಿಂದ ಯೋಚಿಸುತ್ತಿದ್ದೇನೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಹನ್ನೆರಡು ತಿಂಗಳು ನಮ್ಮ ಮಳೆಗೆ ಸಾಲಲಿಲ್ಲ, ಇನ್ನೊಂದನ್ನು ಸೇರಿಸಿಕೊಂಡಿದ್ದೇವೆ, ಅದಕ್ಕೆ ದಿನಗಳೂ ಹೆಚ್ಚು.

ನಾವಿರುವುದು ತಗ್ಗೂರಿನಲ್ಲಿ, ಎಂದರೆ ಕಡಲಗೋಡೆಯ ಬುಡದಲ್ಲಿ. ನೀವು ಕರಾವಳಿ ಎನ್ನುತ್ತಿದ್ದ ನೆಲದಲ್ಲಿ ಉಳಿದಿರುವುದು ಇಷ್ಟೇ. ಬೆಳಿಗ್ಗೆ ಎದ್ದವರು ಮೊದಲು ಬಾವಿನೀರನ್ನು ನಾಲಗೆಗೆ ಮುಟ್ಟಿಸಿ ನೋಡುತ್ತೇವೆ. ಭತ್ತ ತೇಲುಗದ್ದೆಗಳಲ್ಲಿ ಬೆಳೆಯುತ್ತದೆ; ಅವು ಬಿದಿರಿನ ತೆಪ್ಪದ ಮೇಲೆ ಹರಡಿದ ಕೆಸರು, ಅಷ್ಟೆ. ಗಂಜಿಗೆ ಪಾಚಿಯ ವಾಸನೆ, ಬಟ್ಟೆಗೂ ಅದೇ. ಮುಂದಿನ ಮಳೆಗಾಲಕ್ಕೆ ಗೋಡೆಯ ದುರಸ್ತಿ ನಿಲ್ಲಿಸಿ ತಗ್ಗೂರನ್ನು ಕಡಲಿಗೆ ಬಿಟ್ಟುಕೊಡುವುದೆಂದು ತೀರ್ಮಾನವಾಗಿದೆ. ಗುಡ್ಡದ ಮೇಲಿನ ಮೇಲೂರಿನಲ್ಲಿ ಎಲ್ಲರಿಗೂ ಜಾಗವಿಲ್ಲ.

ಗೋಡೆಪಡೆಯ ಹಳೆಯ ಸೈನಿಕರನ್ನು ಗೌರವಿಸುತ್ತೇವೆಂದು ಕರೆ ಬಂದಾಗ ನಾವು ಆಸೆಪಟ್ಟಿದ್ದು ಅದಕ್ಕೇ. ಗೋಡೆ ಒಡೆಯಲು ಬಂದ ದೋಣಿಸೇನೆಯನ್ನು ನನ್ನ ಅಮ್ಮ ವಾರಿಜಾ ಹರೆಯದಲ್ಲಿ ಎದುರಿಸಿದ್ದಳು. ಗೌರವವೆಂದು ಕೊಡುವುದು ನೆಲಬಿಲ್ಲೆ: ಹೆಸರು ಕೆತ್ತಿದ ತಾಮ್ರದ ತುಂಡು. ಯಾರ ಹೆಸರಿನ ಬಿಲ್ಲೆಯೋ ಅವರ ಮನೆಯವರಿಗೆ ಮೇಲೂರಿನಲ್ಲಿ ಒಂದು ಸೂರು.

ನಿನ್ನೆ ಆಡಳಿತ ಕಚೇರಿಯ ಅಂಗಳದಲ್ಲಿ ಆ ಪಡೆಯ ಮುದುಕಿಯರು ಸೇರಿದಾಗ ನಗುವೋ ನಗು. “ಎಂತ ವಾರಿಜಾ, ಹಲ್ಲೆಲ್ಲ ಗೋಡೆಯಲ್ಲೇ ಬಿಟ್ಟು ಬಂದದ್ದಾ?” ಎಂದು ಒಬ್ಬಳು ಕೆಣಕಿದಳು. “ನಿನ್ನ ಸೊಂಟ ಎಲ್ಲಿ ಬಿಟ್ಟೆ, ಅದನ್ನು ಹೇಳು ಮಾರಾಯ್ತಿ” ಎಂದಳು ಅಮ್ಮ. ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಮನೆಯವರನ್ನೆಲ್ಲ ಹಗ್ಗದ ಆಚೆ ನಿಲ್ಲಿಸಿದರು.

ಗೋಡೆಪಡೆಯಲ್ಲಿ ತನ್ನ ಹಾಜರಿಯನ್ನು ತಾನೇ ಹೇಳುವಂತಿರಲಿಲ್ಲ. ಇಬ್ಬಿಬ್ಬರು ಜೋಡಿ, ಒಬ್ಬಳ ಹೆಸರು ಕರೆದರೆ ಇನ್ನೊಬ್ಬಳು ಕಣ್ಣಾರೆ ನೋಡಿ ‘ಹಾಜರ್’ ಎನ್ನಬೇಕು. ನೀರಿನಲ್ಲಿ ಯಾರೂ ಒಂಟಿಯಾಗಿ ಮುಳುಗಬಾರದೆಂದು ಮಾಡಿದ ಪದ್ಧತಿ. ಗೌರವದ ದಿನವೂ ಅದೇ ನಡೆಯಲಿ ಎಂದು ಆಡಳಿತದವರು ಬಯಸಿದರು. ನೋಡಲು ಚೆನ್ನಾಗಿರುತ್ತದೆ ಎಂದಿರಬೇಕು. ಅಮ್ಮನ ಜೋಡಿ ಪಕ್ಕದ ಮನೆಯ ಬೆನೆಡಿಕ್ಟಾ ಬಾಯಿ. ಅವರು ಹೋದ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಆಡಳಿತದವರಿಗೆ ಅದು ಗೊತ್ತಿರಲಿಲ್ಲ.

ಬೆನೆಡಿಕ್ಟಾ ಎಂದು ಕರೆದರು. ಅಮ್ಮನ ಬಾಯಿಂದ “ಹಾಜರ್!” ಹಾರಿಬಂತು, ಹರೆಯದ ದನಿಯಲ್ಲಿ. ಹಾಜರಿ ಹೇಳಿದವಳೆಂದು ಬೆನೆಡಿಕ್ಟಾ ಬಾಯಿಯ ಬಿಲ್ಲೆಯನ್ನು ಅವಳ ಕೈಗಿಟ್ಟರು. ಮುಂದೆ ವಾರಿಜಾ ಎಂದು ಕರೆದರು. ಅಮ್ಮ ಎಡಕ್ಕೆ ತಿರುಗಿ ನೋಡಿದಳು. ಎಡಗಡೆ ಯಾರೂ ಇರಲಿಲ್ಲ. ಹಗ್ಗದ ಆಚೆಯಿಂದ ನಾನು ‘ಹಾಜರ್’ ಎಂದು ಕೂಗಿದೆ. ವಾದ್ಯದ ಗದ್ದಲದಲ್ಲಿ ಅದು ಯಾರಿಗೂ ಕೇಳಲಿಲ್ಲ. ಗೈರು ಎಂದು ಬರೆದುಕೊಂಡು ಮುಂದಿನ ಹೆಸರಿಗೆ ಹೋದರು. ಜೋಡಿ ತೀರಿಹೋದ ಇನ್ನೂ ಕೆಲವರು ತಮ್ಮ ಹೆಸರು ಬಿದ್ದುಹೋಗುವುದನ್ನು ಕೇಳುತ್ತಾ, ಎದೆ ಸೆಟೆಸಿ, ಸುಮ್ಮನೆ ನಿಂತಿದ್ದರು.

ಆಮೇಲೆ ನಾನು ಅಧಿಕಾರಿಯ ಹಿಂದೆ ಓಡಿದೆ. ಆತ ಒಳ್ಳೆಯವನೇ. “ನೀವು ಹೇಳುವುದು ಸರಿ ಇರಬಹುದು ಅಮ್ಮಾ, ಆದರೆ ಎರಡನೇ ಸಲ ಕರೆಯುವ ಕ್ರಮ ಇಲ್ಲವಲ್ಲ” ಎಂದ. ಅಮ್ಮನನ್ನು ಕೇಳಿದೆ, ಒಂದು ಮಾತು ನೀನೇ ಹೇಳಬಾರದಿತ್ತೇ ಎಂದು. “ನನ್ನ ಹಾಜರಿ ನಾನೇ ಹೇಳುವುದಾ? ಅಷ್ಟು ನಾಚಿಕೆ ಬಿಟ್ಟವಳಾ ನಾನು?” ಎಂದು ಸಿಟ್ಟಾದಳು.

ಬಿಲ್ಲೆಯನ್ನು ಸಂಜೆಯೇ ಬೆನೆಡಿಕ್ಟಾ ಬಾಯಿಯ ಸೊಸೆ ಜಸಿಂತಾಳಿಗೆ ಕೊಟ್ಟು ಬಂದಳು. ನಮ್ಮಲ್ಲೇ ಇಟ್ಟುಕೊಂಡರೂ ಪ್ರಯೋಜನವಿರಲಿಲ್ಲ, ಅದರಲ್ಲಿರುವುದು ನಮ್ಮ ಹೆಸರಲ್ಲ. ನಿಮ್ಮಿಂದ ನಾನು ಏನನ್ನು ಬೇಡಲಿ? ನೀವು ಇದನ್ನು ಓದುವ ಕಾಲಕ್ಕೆ ಗೋಡೆಯ ಮೊದಲ ಕಲ್ಲನ್ನೂ ಇಟ್ಟಿರುವುದಿಲ್ಲ. ಎಲ್ಲಿ ಇಟ್ಟರೂ ಕಡಲಿಗೆ ಅದೊಂದು ಲೆಕ್ಕವಲ್ಲ ಎಂದು ಮಾತ್ರ ತಿಳಿಸಬಲ್ಲೆ.

ಇಂದು ಬೆಳಿಗ್ಗೆ ಜಸಿಂತಾ ಗಂಟುಮೂಟೆ ಕಟ್ಟಿ ಹೊರಟಳು. ನಮ್ಮ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡಲಾರದೆ, ಕೈಯಲ್ಲಿದ್ದ ಬುಟ್ಟಿಯನ್ನು ಹೊಸಿಲ ಮೇಲಿಟ್ಟಳು.

“ಮೇಲೆ ಕೋಳಿ ಸಾಕ್ಲಿಕ್ಕೆ ಬಿಡುದಿಲ್ಲಂತೆ ಅಕ್ಕಾ. ನೀವೇ ಇಟ್ಕೊಳ್ಳಿ. ನೀರು ಬರುವವರೆಗೆ ಮೊಟ್ಟೆ ಇಡ್ತವೆ.”