ನಾಲ್ಕನೇ ಮಹಡಿಯಿಂದ ಕೆಂಪಕ್ಕನಿಗೆ

ಜಯನಗರ, ಬೆಂಗಳೂರು
ಶನಿವಾರ, ೧೨ ಮೇ ೧೯೮೪

ಅಕ್ಕ ಕೆಂಪಕ್ಕನಿಗೆ ನಿನ್ನ ಈಶ್ವರಿಯ ನಮಸ್ಕಾರ.

ಭಾವ, ಮಕ್ಕಳು ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಹೋದ ವರ್ಷ ಲಾಲ್‌ಬಾಗಿನ ಗೇಟಿನಲ್ಲಿ ಸಿಕ್ಕಾಗ ನೀನು ನಿನ್ನ ವಿಲ್ಸನ್ ಗಾರ್ಡನ್ ಮನೆಯ ವಿಳಾಸ ಕೊಟ್ಟು “ಕಾಗದ ಹಾಕೇ” ಅಂದಿದ್ದೆ. ನಾನು ಹಾಕಲಿಲ್ಲ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿ ಇರುವವಳು ನಾನು. ಒಂದು ಕಾರ್ಡು ತರಿಸಬೇಕಾದರೂ ಯಾರಿಗೆಂದು ಹೇಳಬೇಕು. ಬೈಯುವುದಾದರೆ ಪೂರ್ತಿ ಓದಿ ಆಮೇಲೆ ಬೈ.

ನಾನೀಗ ಜಯನಗರದ ದೊಡ್ಡ ಹೋಟೆಲೊಂದರ ನಾಲ್ಕನೇ ಮಹಡಿಯಲ್ಲಿದ್ದೇನೆ. ನಗಬೇಡ. ಬುಧವಾರ ಅಣ್ಣ ಕರೆತಂದು ಬಿಟ್ಟ. ಮೇ ತಿಂಗಳಲ್ಲೂ ಹಲ್ಲು ಕಟಕಟ ಅನ್ನಿಸುವ ಏಸಿ. ಮಂಚ ನಮ್ಮ ಹೊಸಕೆರೆಹಳ್ಳಿ ಮನೆಯ ಪಡಸಾಲೆಯಷ್ಟು ಅಗಲ, ನಾನು ಕೆಳಗೆ ಚಾದರ ಹಾಸಿಕೊಂಡು ಮಲಗುತ್ತೇನೆ. ಸೋಪು ಮಾತ್ರ ಬೆರಳುದ್ದ. ಇಷ್ಟು ದೊಡ್ಡ ಜನಕ್ಕೆ ಇಷ್ಟು ಜಿಪುಣತನವೇ ಅಂತ ಮೊದಲ ದಿನ ನಗು ಬಂತು. ಆಮೇಲೆ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು, ನಗು ನಿಂತುಹೋಯಿತು.

ವಿಷಯಕ್ಕೆ ಬರುತ್ತೇನೆ. ಅಪ್ಪ ಸಂಪಾದಿಸಿ ಬಿಟ್ಟುಹೋದ ಎರಡು ಎಕರೆಯನ್ನು ಅಣ್ಣ ಲೇಔಟಿನವರಿಗೆ ಮಾರುತ್ತಿದ್ದಾನೆ. ಸೋಮವಾರ ಹನ್ನೊಂದಕ್ಕೆ ಇಲ್ಲೇ ಹತ್ತಿರದ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರಕ್ಕೆ ನಾನು ಸಹಿ ಹಾಕಬೇಕು. ಅಲ್ಲಿಯವರೆಗೆ ಯಾರೂ ನನ್ನ ತಲೆ ಕೆಡಿಸಬಾರದೆಂದು ಅವರೇ ಖರ್ಚು ಹಾಕಿ ಇಲ್ಲಿ ಕೂರಿಸಿದ್ದಾರೆ. ಬಾಗಿಲ ಹೊರಗೆ ಅವರ ಕಡೆಯ ದೇವದಾಸ್ ಎಂಬಾತ ಕುರ್ಚಿ ಹಾಕಿಕೊಂಡಿರುತ್ತಾನೆ. ಸ್ವಲ್ಪ ಕೆಳಗೆ ಹೋಗಿ ಬರ್ತೀನಪ್ಪ ಅಂದರೆ, “ಯಾಕಮ್ಮ ಸುಮ್ನೆ ಬಿಸ್ಲಲ್ಲಿ? ಏನ್ ಬೇಕೋ ಫೋನಲ್ಲಿ ಹೇಳಿ, ರೂಮಿಗೇ ಬರುತ್ತೆ” ಎಂದು ನಗುತ್ತಾನೆ. ಗದರಿಸಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ನಿನ್ನ ಸಹಿಯೂ ಬೇಕಾಗಿತ್ತು. ನೀನು ಒಪ್ಪುವುದಿಲ್ಲವೆಂದು ಅಣ್ಣನಿಗೆ ಗೊತ್ತು. ಅದಕ್ಕೇ ವಂಶವೃಕ್ಷದ ಕಾಗದದಲ್ಲಿ ನಿನ್ನ ಹೆಸರಿನ ಮುಂದೆ ‘ಮರಣ’ ಎಂದು ಬರೆದಿದ್ದಾರೆ. ನಾನೇ ಓದಿದೆ ಅಕ್ಕ. ನೀನು ಕಲಿಸಿಕೊಟ್ಟ ಅಕ್ಷರ.

ಇದೇನಣ್ಣ ಅಂದಿದ್ದಕ್ಕೆ ಹೇಳಿದ: “ಸುಳ್ಳೇನೇ ಅದು? ಅವ್ಳು ಬುದ್ಧನ ಪಟದ ಮುಂದೆ ನಿಂತು ಹಾರ ಹಾಕ್ಕೊಂಡ ದಿನಾನೇ ಅಪ್ಪ ಎಳ್ಳುನೀರು ಬಿಟ್ಟಾಯ್ತು, ನಾವೆಲ್ಲ ತಲೆ ಮೇಲೆ ನೀರು ಹುಯ್ಕೊಂಡಾಯ್ತು. ನಮ್ ಪಾಲಿಗೆ ಅವತ್ತೇ ಹೋದ್ಲು.” ಅಪ್ಪ ಜಾತಿಯ ಸಿಟ್ಟಿನಲ್ಲಿ ಮಾಡಿದ್ದು ಅದು. ಆಮೇಲೆ ಹಿತ್ತಲಲ್ಲಿ ಕೂತು ಅತ್ತಿದ್ದನ್ನು ನಾನು ಕಂಡಿದ್ದೇನೆ. ಹನ್ನೆರಡು ವರ್ಷದ ಮೇಲೆ ಅದನ್ನೇ ಕಾಗದಕ್ಕೆ ಏರಿಸುತ್ತಾರೆಂದು ಯಾರಿಗೆ ಗೊತ್ತಿತ್ತು!

ಇವತ್ತು ಮಧ್ಯಾಹ್ನ ಊಟದ ತಟ್ಟೆ ಹೊರಗಿಡಲು ಬಾಗಿಲು ತೆಗೆದೆ. ದೇವದಾಸ್ ಅಲ್ಲಿಗೆ ಬಂದಿದ್ದ ಅಣ್ಣನಿಗೆ ಹೇಳುತ್ತಿದ್ದ, “ಗುರು, ಆ ವಿಲ್ಸನ್ ಗಾರ್ಡನ್ನಿನವಳು ಸೋಮವಾರ ಕಚೇರಿ ಹತ್ರ ಕಾಣಿಸ್ಕೋಬಾರ್ದು. ನಮ್ಮೋರು ನೋಡ್ಕೋತಾರೆ ಬಿಡು.” ಅಣ್ಣ ಬೇಡವೆನ್ನಲಿಲ್ಲ. ನೋಡಿಕೊಳ್ಳುವುದು ಅಂದರೆ ಏನಕ್ಕ? ತಟ್ಟೆ ಕೈಯಲ್ಲಿ ಹಿಡಿದೇ ಒಳಗೆ ಬಂದುಬಿಟ್ಟೆ.

ಸೋಮವಾರ ನೀನು ಮನೆಯಿಂದ ಹೊರಗೆ ಬರಬೇಡ. ಭಾವನಿಗೆ ರಜ ಹಾಕಲು ಹೇಳು. ಬಾಗಿಲು ಹಾಕಿಕೊಂಡಿರಿ. ಜಮೀನು ಹೋದರೆ ಹೋಗಲಿ, ನೀನು ಇದ್ದರೆ ಸಾಕು. ಇದನ್ನು ತರುವ ಮಂಗಮ್ಮ ಇಲ್ಲಿ ರೂಮು ಗುಡಿಸುವಾಕೆ, ನಿಮ್ಮ ಕಡೆಯೇ ಮನೆ, ಒಳ್ಳೆಯವಳು. ಅವಳಿಗೆ ಒಂದು ಲೋಟ ಕಾಫಿ ಕೊಡು.

ಮಕ್ಕಳ ತಲೆ ಸವರಿದ್ದೇನೆಂದು ತಿಳಿ. ನಮ್ಮ ದೇವರೋ ನಿಮ್ಮ ಬುದ್ಧನೋ, ಯಾರು ಎಚ್ಚರವಾಗಿದ್ದಾರೋ ಅವರು ನಿಮ್ಮನ್ನು ಕಾಯಲಿ.

ನಿನ್ನ ತಂಗಿ
ಈಶ್ವರಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಮಂಗಮ್ಮ ಬಚ್ಚಲು ತೊಳೆಯುತ್ತಿದ್ದಾಳೆ, ಅಷ್ಟರಲ್ಲಿ ಹೇಳಿಬಿಡುತ್ತೇನೆ. ಆ ವಂಶವೃಕ್ಷದ ಕಾಗದ ಬರೆದದ್ದು ಗುರುವಾರ, ಇದೇ ರೂಮಿನಲ್ಲಿ, ನನ್ನೆದುರಿಗೆ. ವಕೀಲರ ಗುಮಾಸ್ತ, “ಯಾವತ್ತು ತೀರ್ಕೊಂಡ್ರು? ತಾರೀಖು ಬೇಕಲ್ಲ” ಅಂದ. ಅಣ್ಣ ತಲೆ ತಗ್ಗಿಸಿದ. ಎಲ್ಲರೂ ನನ್ನನ್ನು ನೋಡಿದರು. ನಾನು ಹೇಳಿದೆ ಅಕ್ಕ. ನಿನ್ನ ಮದುವೆಯ ತಾರೀಖು ಹೇಳಿದೆ. ಕೆಳಗೆ ಸಹಿಯನ್ನೂ ಹಾಕಿದೆ. ಅಣ್ಣನ ಮನೆಯಲ್ಲಿ ನನಗಿನ್ನೂ ಒಂದು ಮೂಲೆ ಬೇಕಾಗಿತ್ತು.

ಈ ಕಾಗದದಲ್ಲೇ ಮೇಲೆ ‘ಹೊರಗೆ ಬರಬೇಡ’ ಎಂದು ಬರೆದಿದ್ದೇನಲ್ಲ, ಬಂದರೆ ನಿನ್ನ ಮುಖ ನೋಡಬೇಕಲ್ಲ ಎಂಬ ಭಯವೂ ಅದರಲ್ಲಿತ್ತು. ನೀನು ಬರದಿದ್ದರೆ ಸೋಮವಾರವೂ ನಾನು ಸಹಿ ಹಾಕಿಯೇ ಹಾಕುತ್ತೇನೆ, ನನ್ನ ಯೋಗ್ಯತೆ ನನಗೆ ಗೊತ್ತು. ಸೋಮವಾರ ಕಚೇರಿಗೆ ಬಾ ಅಕ್ಕ. ಒಬ್ಬಳೇ ಬರಬೇಡ, ಭಾವನ ಕಡೆಯ ಹತ್ತು ಜನರನ್ನು ಕರೆದುಕೊಂಡು ಬಾ. ಮಕ್ಕಳನ್ನು ಮಾತ್ರ ಇವತ್ತೇ ಬೇರೆ ಯಾರದಾದರೂ ಮನೆಗೆ ಕಳಿಸಿಬಿಡು. ನಿನ್ನ ಮನೆ ಎಲ್ಲಿದೆ ಎಂದು ದೇವದಾಸನಿಗೆ ಹೇಳಿದವಳೂ ನಾನೇ.