ಅಮ್ಮನ ಭರಣಿ, ತಮ್ಮನ ಪಥ್ಯ

ಜೂನ್ ೪, ಬೆಳಿಗ್ಗೆ

ಮತ್ತೆ ಅದೇ. ಹಳೆ ಅಕ್ಕಿಯ ಗಂಜಿ, ಹೆಸರುಬೇಳೆ ಕಟ್ಟು, ಒಂದು ಚಮಚ ತುಪ್ಪ. ತಮ್ಮ ತಟ್ಟೆ ನೋಡಿ ಮುಖ ಸಿಂಡರಿಸಿದ. "ಉಪ್ಪಾದ್ರೂ ಹಾಕೇ ಅಕ್ಕ." ಹಾಕಲಿಲ್ಲ. ಆಸ್ಪತ್ರೆಯಲ್ಲಿ ಹೇಳಿಯಾಗಿದೆ — ಈ ತಿಂಗಳು ಅವನ ಗಾಯ ಕೂಡದಿದ್ದರೆ ಕಾಲು ತೆಗೆಯಬೇಕು. ಮಾತ್ರೆ ಅವರದು, ಊಟ ನಾಟಿವೈದ್ಯ ಪಂಡಿತರದು. ಹುಳಿ, ಉಪ್ಪು, ಖಾರ, ಮೊಸರು ಎಲ್ಲ ಬಂದ್. ಹಗಲು ನಿದ್ದೆಯೂ ಬಂದ್. ಅದಕ್ಕೇ ಹೊಲಿಗೆ ಮಷೀನನ್ನು ಅವನ ಮಂಚದ ಪಕ್ಕಕ್ಕೆ ಎಳೆದುಕೊಂಡಿದ್ದೇನೆ. ಈ ಕಟಕಟಕ್ಕೆ ಯಾರಿಗೆ ನಿದ್ದೆ ಬಂದೀತು.

ಜೂನ್ ೭

ಪಂಡಿತರು ಪಟ್ಟಿ ಬಿಚ್ಚಿದರು, ಮೂಸಿದರು, ನನ್ನನ್ನೇ ದುರುಗುಟ್ಟಿ ನೋಡಿದರು. "ಹುಳಿ ಯಾರಮ್ಮ ಕೊಡ್ತಿರೋದು? ಮೇಲೆ ಹಚ್ಚೋದು ಅರ್ಧ ಕೆಲಸ. ಮಿಕ್ಕ ಅರ್ಧ ಪಥ್ಯದ ಊಟವೇ ಮಾಡ್ಬೇಕು."

ಮೈ ಉರಿಯಿತು. ಕೊಡುವವರು ಯಾರಿದ್ದಾರೆ? ಮನೆಯಲ್ಲಿ ನಾವಿಬ್ಬರೇ. ಅಪಘಾತದ ದಿನ ಅಮ್ಮ ಅವನ ಬೈಕಿನಲ್ಲಿ ಹಿಂದೆ ಕೂತಿದ್ದಳು. ಅವಳು ಅಲ್ಲೇ ಹೋದಳು... ಇವನಿಗೆ ಕಾಲಷ್ಟೇ.

ಬೇವಿನೆಲೆ, ಸಾಸಿವೆ, ತುಪ್ಪದ ಹೊಗೆ ಹಾಕಬೇಕಂತೆ. "ರಕ್ತದ ವಾಸನೆಗೆ ಬರೋರು ಬರ್ಬಾರ್ದು ಅಂತ ಹಿಂದಿನವರು ಹಾಕ್ತಿದ್ರು. ನಾನು ನೊಣಕ್ಕೆ ಅಂತೀನಿ."

ಜೂನ್ ೮, ಮಧ್ಯಾಹ್ನ

ಹೊಲಿದ ಯೂನಿಫಾರ್ಮ್ ಕೊಡಲು ಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ತಮ್ಮ ಕಣ್ಣು ಮುಚ್ಚಿದ್ದ. ಎಬ್ಬಿಸಿದೆ. ಬಾಯಲ್ಲಿ ನಿಂಬೆ ಉಪ್ಪಿನಕಾಯಿ ವಾಸನೆ. ಅಮ್ಮ ಹಾಕಿಟ್ಟದ್ದೇ.

"ಎಲ್ಲಿತ್ತೋ?"

"ಅಮ್ಮ ನೆಕ್ಕಿಸಿದ್ಲು," ಅಂದ, ಏನೂ ಆಗಿಲ್ಲವೆಂಬಂತೆ.

ಭರಣಿ ಇರುವುದು ಅಟ್ಟದ ಮೇಲೆ. ನನಗೇ ಸ್ಟೂಲ್ ಬೇಕು. ಅವನು ಎದ್ದು ನಿಲ್ಲಲಾರ. ಹತ್ತಿ ನೋಡಿದೆ. ಅರ್ಧಕ್ಕಿಳಿದಿದೆ.

ಹೊಗೆ ಹಾಕಲು ಹೋದರೆ ಕೈ ಹಿಡಿದುಕೊಂಡ. "ಬೇಡ ಅಕ್ಕ. ಅವಳಿಗೆ ಕೆಮ್ಮು."

ಜೂನ್ ೯

ಹಿತ್ತಲಲ್ಲಿ ಗುಂಡಿ ತೋಡಿ ಉಪ್ಪಿನಕಾಯಿ ಸುರಿದೆ. ಅಮ್ಮನನ್ನು ಎರಡನೇ ಸಲ ಮಣ್ಣು ಮಾಡಿದ ಹಾಗಾಯಿತು. ಅಲ್ಲೇ ಕೂತು ಅತ್ತುಬಿಟ್ಟೆ. ಒಂದು ಹೋಳು ಮಾತ್ರ... ಮನಸ್ಸು ಬರಲಿಲ್ಲ. ಅವಳ ಕೈರುಚಿ ಇನ್ನೆಲ್ಲಿ ಸಿಗಬೇಕು? ಡಬ್ಬಿಯಲ್ಲಿಟ್ಟು ಬೀರುವಿಗೆ ಬೀಗ ಹಾಕಿದೆ. ತಮ್ಮನಿಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ.

ಸಂಜೆ ಹೊಗೆಯನ್ನೂ ಹಾಕಿದೆ. ಅವನು ಮಾತು ಬಿಟ್ಟಿದ್ದಾನೆ.

ಜೂನ್ ೨೦

ಗಾಯದ ಅಂಚು ಕೂಡುತ್ತಿದೆ. ಪಂಡಿತರು ಮೊದಲ ಸಲ ನಕ್ಕರು. "ಕಾಲು ಉಳೀತು ಅನ್ಕೋ. ದಾಳಿಂಬೆ ಕೊಡು." ದಾಳಿಂಬೆ ಬಿಡಿಸಿಕೊಟ್ಟರೆ ತಮ್ಮ ಗೋಡೆ ಕಡೆ ತಿರುಗಿದ. ಅಮ್ಮ ಈಗ ಬರುತ್ತಿಲ್ಲವಂತೆ. ನನಗೆ ಸಮಾಧಾನವಾಗಬೇಕಿತ್ತು. ಹೊಟ್ಟೆಕಿಚ್ಚಾಯಿತು. ಅವನ ಹತ್ತಿರವಾದರೂ ಬಂದಿದ್ದಳು.

ಜೂನ್ ೨೧, ಮಧ್ಯಾಹ್ನ

ಮಷೀನಿನ ದಾರ ತುಂಡಾಯಿತು. ಪೋಣಿಸುವಷ್ಟರಲ್ಲಿ ಅವನಿಗೆ ಜೊಂಪು. ಕಣ್ಣು ಬಿಟ್ಟವನೇ ನನ್ನತ್ತ ಕೈ ಚಾಚಿದ.

"ಅಮ್ಮ ಬಂದಿದ್ಲು. ಅಕ್ಕ ಒಂದು ಹೋಳು ಇಟ್ಕೊಂಡಿದಾಳೆ, ಇಸ್ಕೋ ಅಂದ್ಲು."

ಕೊಡಲಾರೆ. ನನಗೆ ಅವನ ಕಾಲು ಬೇಕು, ಅವನು ಬೇಕು. ಕೈ ಚಾಚಿಕೊಂಡೇ ಇದ್ದಾನೆ. ಅಡುಗೆಮನೆಗೆ ಬಂದು ಕೂತು ಬರೆಯುತ್ತಿದ್ದೇನೆ. ಬೀರುವಿನ ಕೀಲಿ ನನ್ನ ಕತ್ತಿನ ದಾರದಲ್ಲೇ ಇದೆ, ಮುಟ್ಟಿ ನೋಡಿಕೊಂಡೆ. ಮಷೀನು ನಿಂತ ಮೇಲೆ ಮನೆಯಲ್ಲಿ ಸದ್ದೇ ಇಲ್ಲ. ಇಲ್ಲ, ಇದೆ. ತಮ್ಮನ ಕಡೆಯಿಂದಲ್ಲ, ಬೀರು ಇರುವ ಕೋಣೆಯಲ್ಲಿ. ಕೆಮ್ಮು —