ಅಜ್ಜಿಯ ಎಡಭುಜ

ಅಪ್ಪ,

ಇದನ್ನು ಓದಿ ನೀನು ಬೈಯುವ ಹಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಾಗಿಲ ಪಕ್ಕದ ಮೇಜಿನ ಮೇಲೆ ನಿನ್ನಜ್ಜಿಯ ಕಂಚಿನ ಮೂರ್ತಿ ಇದೆಯಲ್ಲ, ನೂರು ವರ್ಷದ ಹಿಂದೆ ಎರಕ ಹೊಯ್ದದ್ದು, ಅದರ ಪೀಠ ಅಲುಗಾಡುತ್ತಿತ್ತು. ಬೆಳಿಗ್ಗೆ ರಿಪೇರಿಯವರನ್ನು ಕರೆಸಿದ್ದೆ.

“ಮೈಯೆಲ್ಲ ಕಪ್ಪಗಿದೆ, ಎಡಭುಜ ಮಾತ್ರ ಸವೆದು ಹೊಳೀತಿದೆ. ಅದನ್ನೂ ಒಂದೇ ಬಣ್ಣಕ್ಕೆ ತಂದುಬಿಡ್ಲಾ?” ಎಂದರು.

ನಾನು ಫೋನಿನಲ್ಲಿದ್ದೆ. “ಹೂಂ, ಮಾಡಿ” ಎಂದುಬಿಟ್ಟೆ.

ಅವರು ಹೋದ ಮೇಲೆ ನಾನೂ ಹೊರಡಲು ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಆಸರೆಗೆ ಕೈ ಚಾಚಿದಾಗ ನೆನಪಾಯಿತು. ಇರುವವರೆಗೂ ದಿನಾ ಆ ಭುಜ ಹಿಡಿದೇ ನೀನು ಬೂಟು ಹಾಕುತ್ತಿದ್ದೆ. ನಾನು “ಕುರ್ಚಿ ತರ್ಲಾ?” ಎಂದರೆ, “ಯಾಕೆ, ನಮ್ಮಜ್ಜಿ ಇದ್ದಾಳಲ್ಲ” ಎನ್ನುತ್ತಿದ್ದೆ.

ಆಗಿನಿಂದ ಒಂಟಿ ಚಪ್ಪಲಿಯಲ್ಲೇ ಮನೆಯೆಲ್ಲ ಓಡಾಡುತ್ತ, ಬಂದು ಬಂದು ಅದನ್ನು ಉಜ್ಜುತ್ತಿದ್ದೇನೆ. ಹೆಬ್ಬೆರಳು ಕಪ್ಪಾಯಿತು, ಭುಜ ಹೊಳೆಯಲಿಲ್ಲ.